ಹೊಸ ಸರ್ವರ್ ಬರಲಿ, ಹಳೇ ಹೆಸರು ಉಳಿಯಲಿ

"ಸರ್ವರ್ ಇಲ್ಲ." ಈ ಎರಡು ಪದ ಕೇಳದೆ ಬೆಳೆದವರು ನಮ್ಮ ಕಡೆ ಯಾರೂ ಇಲ್ಲ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೆ ಸರ್ವರ್ ಇಲ್ಲ, ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ಹೋದರೆ ಸರ್ವರ್ ಬಿಜಿ, ಬ್ಯಾಂಕಿಗೆ ಹೋದರೆ ಸರ್ವರ್ ಸ್ಲೋ. ಹಳ್ಳಿಯ ಅಜ್ಜಿಯರು ಕೂಡ "ಇವತ್ತು ಸರ್ವರ್ ಬಂದಿಲ್ಲಂತವ್ವಾ" ಎಂದು, ಯಾರೋ ರಜೆ ಹಾಕಿದ ಗುಮಾಸ್ತನ ಸುದ್ದಿ ಹೇಳಿದಂತೆ ಹೇಳುತ್ತಾರೆ.

ನಮ್ಮ ಆಡಳಿತ ಮಂಡಳಿಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಾಲೇಜುಗಳ ಕಂಪ್ಯೂಟರ್ ಲ್ಯಾಬುಗಳಿಗೆ ಸೇರಿ ಅಂಥ ಒಬ್ಬ ಗುಮಾಸ್ತ ಇದ್ದಾನೆ. ಸಿಂಧನೂರಿನ ಲ್ಯಾಬಿನ ಮೂಲೆಯಲ್ಲಿ, ಸ್ಟೆಬಿಲೈಸರ್ ಪಕ್ಕದಲ್ಲಿ ಕುಳಿತು ಹಗಲಿಡೀ ಗುಂಯ್‌ಗುಡುವ ಕರಿ ಡಬ್ಬಿ ಅದು. ಈ ವರ್ಷ ಅದಕ್ಕೆ ನಿವೃತ್ತಿ. ಹೊಸ ಯಂತ್ರಕ್ಕೆ ಆಡಳಿತ ಮಂಡಳಿಯವರು ಹಣ ಮಂಜೂರು ಮಾಡಿದ್ದಾರೆ, ಅವರಿಗೆ ನಮ್ಮೆಲ್ಲರ ಧನ್ಯವಾದ ಸಲ್ಲಬೇಕು. ಆದರೆ ಯಂತ್ರ ಬಂದ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆ ಲ್ಯಾಬಿನಲ್ಲಿ, ಸ್ಟಾಫ್ ರೂಮಿನಲ್ಲಿ, ಕ್ಯಾಂಟೀನಿನಲ್ಲಿ ನಡೆದಿರುವ ಮಾತು ಕೇಳಿದರೆ ನನಗೆ ಸಮಾಧಾನವಿಲ್ಲ. ಯಂತ್ರ ಪೂರೈಸುವವರು ಹೇಳಿದ್ದು ಹೀಗಂತೆ: "ಎರಡು ದಿನದ ಕೆಲಸ. ಹಳೇದೆಲ್ಲಾ ತೆಗೆದುಹಾಕಿ ಫ್ರೆಶ್ ಮಾಡಿಕೊಡುತ್ತೇವೆ." ಕೇಳಲು ಚೆನ್ನಾಗಿದೆ. ಹಾಗೆ ಮಾಡಬಾರದು ಎಂಬುದು ನನ್ನ ವಾದ. ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವಳು, ಒಂದೂವರೆ ವರ್ಷದಿಂದ ಲ್ಯಾಬಿನಲ್ಲಿ ಮೇಡಂ ಅವರಿಗೆ ಕೈಜೋಡಿಸುತ್ತಿರುವವಳು. ಕಲಾ, ವಾಣಿಜ್ಯ ವಿಭಾಗದ ಗೆಳತಿಯರಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ, ಏಕೆಂದರೆ ಇದು ಅವರ ಕಡತಗಳ ವಿಷಯವೂ ಹೌದು.

ಆ ಡಬ್ಬಿಯೊಳಗಿನ ಮುಖ್ಯ ವಸ್ತುವಿಗೆ ಡೈರೆಕ್ಟರಿ ಎನ್ನುತ್ತಾರೆ. ಅಂದರೆ ಹೆಸರಪಟ್ಟಿ. ಆದರೆ ಬರೀ ಪಟ್ಟಿಯಲ್ಲ, ಹಾಜರಿ ಪುಸ್ತಕ ಮತ್ತು ಕೀಲಿಕೈ ಗೊಂಚಲು ಎರಡೂ ಒಟ್ಟಿಗೆ ಇದ್ದಂತೆ. ನೀವು ಲ್ಯಾಬಿನಲ್ಲಿ ಕುಳಿತು ಹೆಸರು, ಪಾಸ್‌ವರ್ಡ್ ಹೊಡೆದಾಗ ನಿಮ್ಮ ಮುಂದಿನ ಕಂಪ್ಯೂಟರಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ. ಅದು ಮೂಲೆಯ ಸರ್ವರನ್ನು ಕೇಳುತ್ತದೆ: ಇವಳು ನಮ್ಮವಳೇ? ಯಾವ ತರಗತಿ? ಯಾವ ಫೋಲ್ಡರ್ ತೆರೆಯಬಹುದು, ಯಾವುದು ತೆರೆಯಬಾರದು? ಪ್ರಿಂಟರಿಗೆ ಕೊಡಬಹುದೇ? ಉತ್ತರ ಬಂದ ಮೇಲೆ ನಿಮ್ಮ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಲಿಂಗಸುಗೂರಿನ ವಿದ್ಯಾರ್ಥಿ ಪ್ರಾಯೋಗಿಕ ಪರೀಕ್ಷೆಗೆ ಸಿಂಧನೂರಿಗೆ ಬಂದು ಕುಳಿತರೂ ಅವನ ಪ್ರೋಗ್ರಾಂ ಅವನಿಗೆ ಸಿಗುವುದು ಈ ಪಟ್ಟಿಯಿಂದ.

ಇದೇನೂ ಹೊಸ ವಿದ್ಯೆಯಲ್ಲ. ದೂರಸಂಪರ್ಕ ಕ್ಷೇತ್ರದವರು ಇಡೀ ಜಗತ್ತಿಗೆ ಒಂದೇ ಟೆಲಿಫೋನ್ ಡೈರೆಕ್ಟರಿ ಇದ್ದರೆ ಹೇಗೆ ಎಂದು ಯೋಚಿಸಿ 1988ರಲ್ಲಿ ಎಕ್ಸ್.500 ಎಂಬ ಮಾನದಂಡ ತಂದರು. ಅದು ಬಹಳ ಭಾರವಾಯಿತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 1993ರ ಹೊತ್ತಿಗೆ ಅದರ ಹಗುರ ರೂಪವನ್ನು ಮಾಡಿದರು, ಅದೇ ಎಲ್‌ಡ್ಯಾಪ್. ಅದರ ಮೇಲೆ ಮೈಕ್ರೋಸಾಫ್ಟ್ 2000ನೇ ಇಸವಿಯಲ್ಲಿ ಆಕ್ಟಿವ್ ಡೈರೆಕ್ಟರಿ ಕಟ್ಟಿತು. ನಮ್ಮ ಮೂಲೆಯಲ್ಲಿರುವುದು ಅದರದೇ ಒಂದು ಹಳೇ ಆವೃತ್ತಿ, ವಿಂಡೋಸ್ ಸರ್ವರ್ 2012 ಆರ್2.

ಹಳೇದನ್ನು ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಆವೃತ್ತಿಗೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಆಮೇಲೆ ಕಂಡುಬರುವ ಭದ್ರತಾ ದೋಷಗಳಿಗೆ ನಮ್ಮಂಥವರಿಗೆ ತೇಪೆ ಸಿಗುವುದಿಲ್ಲ. ಯಂತ್ರದ ಪಾಡಂತೂ ಕೇಳಬೇಡಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಭತ್ತದ ಸುಗ್ಗಿಯಲ್ಲಿ ಗಾಳಿಯ ತುಂಬ ಹೊಟ್ಟು. ಫ್ಯಾನಿನ ರೆಕ್ಕೆಗೆ ಕಂಬಳಿ ಹೊದಿಸಿದಷ್ಟು ಧೂಳು. ಇಷ್ಟು ವರ್ಷ ಅದು ಬದುಕಿದ್ದೇ ಹೆಚ್ಚು.

ಹಾಗಾದರೆ "ಫ್ರೆಶ್" ಮಾಡಿದರೆ ತೊಂದರೆ ಏನು? ಹೊಸ ಯಂತ್ರದಲ್ಲಿ ಹೊಸ ಪಟ್ಟಿ ತೆರೆದು ಅದೇ ಹೆಸರುಗಳನ್ನು ಮತ್ತೆ ಹೊಡೆದರಾಯಿತಲ್ಲ ಎಂದು ಬಹಳ ಜನ ಕೇಳುತ್ತಾರೆ.

ತೊಂದರೆ ಇರುವುದು ಇಲ್ಲಿ. ಸರ್ವರಿಗೆ ನಿಮ್ಮ ಹೆಸರು ಗುರುತಲ್ಲ. ನಿಮ್ಮ ಖಾತೆ ತೆರೆದ ದಿನವೇ ಅದು ನಿಮಗೊಂದು ಉದ್ದ ಸಂಖ್ಯೆ ಕೊಟ್ಟಿರುತ್ತದೆ, ಎಸ್-1-5-21 ಎಂದು ಶುರುವಾಗುವಂಥದು. ಅದಕ್ಕೆ ಸಿಡ್ ಎನ್ನುತ್ತಾರೆ. ಅದರ ಮುಂದಿನ ಭಾಗ ಇಡೀ ಪಟ್ಟಿಗೆ ಒಂದೇ, ಮನೆತನದ ಅಡ್ಡಹೆಸರು ಇದ್ದಂತೆ. ಕೊನೆಯ ಅಂಕಿ ಮಾತ್ರ ಒಬ್ಬೊಬ್ಬರದು. ಮದುವೆಯಾಗಿ ಹೆಸರು ಬದಲಾದರೂ, ಕಾಗುಣಿತ ತಿದ್ದಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಒಬ್ಬರ ಖಾತೆ ಅಳಿಸಿದರೆ ಅದೇ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡುವುದೂ ಇಲ್ಲ. ನಿಮ್ಮ ಫೋಲ್ಡರಿನ ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕು ಎಂದು ಬರೆದಿರುತ್ತದಲ್ಲ, ಅಲ್ಲಿ ಇರುವುದು ನಿಮ್ಮ ಹೆಸರಲ್ಲ, ಆ ಸಂಖ್ಯೆ. ಹೊಸ ಪಟ್ಟಿಯಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಹೆಸರು ಹೊಡೆದರೂ ಹೊಸ ಸಂಖ್ಯೆ ಹುಟ್ಟುತ್ತದೆ. ಯಂತ್ರದ ಕಣ್ಣಿಗೆ ನೀವು ಬೇರೆಯವರು. ನಿಮ್ಮದೇ ಕಡತ ನಿಮಗೆ ತೆರೆಯುವುದಿಲ್ಲ.

ಮಸ್ಕಿಯ ಗೆಳೆಯರಿಗೆ ಇದನ್ನು ವಿವರಿಸುವುದು ಸುಲಭ, ಅವರ ಊರಿನಲ್ಲೇ ಉದಾಹರಣೆ ಇದೆ. ದೇಶದ ತುಂಬ ಬಂಡೆಗಳ ಮೇಲೆ ಸಿಕ್ಕ ಶಾಸನಗಳಲ್ಲಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳಷ್ಟೇ ಇದ್ದವು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿ ಓದಿದ ಮೇಲೂ ಈ ರಾಜ ಯಾರೆಂಬುದಕ್ಕೆ ಸಿಂಹಳದ ಗ್ರಂಥಗಳನ್ನು ನೆಚ್ಚಿಕೊಳ್ಳಬೇಕಾಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನದಲ್ಲಿ ಮೊದಲ ಬಾರಿಗೆ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರು ಸಿಕ್ಕಿತು. ಎರಡು ಹೆಸರು, ಒಬ್ಬನೇ ಮನುಷ್ಯ ಎಂದು ಬಂಡೆಯೇ ಹೇಳಿತು. ಆ ಒಂದು ಸಾಲು ಇರದಿದ್ದರೆ ಜೋಡಿಸುವವರು ಇನ್ನೆಷ್ಟು ವರ್ಷ ವಾದ ಮಾಡುತ್ತಿದ್ದರೋ. ನಮ್ಮ ಸರ್ವರಿನಲ್ಲಿ ಹಳೇ ಗುರುತಿಗೂ ಹೊಸ ಗುರುತಿಗೂ ನಡುವೆ ಇರುವ ಆ ಒಂದು ಸಾಲನ್ನೇ "ಫ್ರೆಶ್" ಮಾಡುವವರು ಒರೆಸಿಹಾಕುತ್ತಾರೆ.

ಕಡತಗಳೇನೂ ನಾಶವಾಗುವುದಿಲ್ಲ, ಅಡ್ಮಿನ್ ಆದವರು ಒಂದೊಂದಾಗಿ ಹಕ್ಕು ಮರಳಿ ಕೊಡಬಹುದು ಎಂದು ಮೇಡಂ ಹೇಳುತ್ತಾರೆ. ನಿಜ. ಆದರೆ ಮೂರು ಕಾಲೇಜುಗಳ ಅಷ್ಟೂ ಫೋಲ್ಡರುಗಳಿಗೆ ಒಂದೊಂದಾಗಿ ಯಾರು ಕೊಡುತ್ತಾರೆ? ಎರಡು ದಿನದಲ್ಲಿ ಮುಗಿಸಿ ಬಸ್ಸು ಹಿಡಿಯುವವರು ಕೊಡುತ್ತಾರೆಯೇ? ಅವರು ಮಾಡುವುದು ಒಂದೇ, ಎಲ್ಲ ಫೋಲ್ಡರುಗಳಿಗೂ "ಎವರಿವನ್, ಫುಲ್ ಕಂಟ್ರೋಲ್" ಎಂದು ಟಿಕ್ ಹಾಕುವುದು. ಅಂದರೆ ಎಲ್ಲರಿಗೂ ಎಲ್ಲವೂ ತೆರೆದ ಬಾಗಿಲು. ಆಗ ಯಾರೂ ದೂರು ಹೇಳುವುದಿಲ್ಲ, ಬಿಲ್ಲು ಪಾಸಾಗುತ್ತದೆ.

ನನಗೆ ಭಯವಿರುವುದು ಈ ಟಿಕ್ ಬಗ್ಗೆಯೇ. ನಮ್ಮ ಫೋಲ್ಡರುಗಳಲ್ಲಿ ಏನಿದೆ ಎಂದು ಯೋಚಿಸಿ. ಪ್ರೋಗ್ರಾಂಗಳಷ್ಟೇ ಇದ್ದಿದ್ದರೆ ಹೋಗಲಿ ಎನ್ನಬಹುದಿತ್ತು. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲಿಗೆ ಅರ್ಜಿ ಹಾಕಲು ಮನೆಯಲ್ಲಿ ಕಂಪ್ಯೂಟರ್ ಇಲ್ಲದವರೆಲ್ಲ ಬರುವುದು ಲ್ಯಾಬಿಗೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಅಳತೆಯ ಫೋಟೋ ಎಲ್ಲವೂ ಸ್ಕ್ಯಾನ್ ಆಗಿ ಅಲ್ಲೇ ಕೂತಿವೆ. ಹುಡುಗಿಯರ ಫೋಟೋ, ಫೋನ್ ನಂಬರ್, ಮನೆ ವಿಳಾಸ ಅದರಲ್ಲಿವೆ. ಮಗಳನ್ನು ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ವರ್ಷಕ್ಕೆರಡು ಸಲ ಮನೆಯಲ್ಲಿ ಮಾತಾಗುವ ಕುಟುಂಬಗಳಿಂದ ನಮ್ಮಲ್ಲಿ ಎಷ್ಟು ಜನ ಬರುತ್ತಾರೆ ಎಂಬುದು ಆಡಳಿತ ಮಂಡಳಿಗೆ ನನಗಿಂತ ಚೆನ್ನಾಗಿ ಗೊತ್ತು. ಯಾರೋ ಒಬ್ಬ ತಲೆಹರಟೆ ಹುಡುಗ ಒಂದು ಫೋಟೋ ತೆಗೆದು ವಾಟ್ಸ್‌ಆ್ಯಪಿಗೆ ಹಾಕಿದನೆಂದರೆ ಆ ಮಾತು ಅಲ್ಲಿಗೆ ಮುಗಿಯುತ್ತದೆ, ಮರುದಿನ ಮೂರ್ನಾಲ್ಕು ಹುಡುಗಿಯರು ಬರುವುದಿಲ್ಲ. ಅಬ್ಬಾಜಾನ್ ಕೇಳುವುದು "ಸರ್ವರ್ ಯಾವ ಕಂಪನಿಯದು" ಎಂದಲ್ಲ.

ಇನ್ನು ಹೆಸರುಗಳನ್ನು ಮತ್ತೆ ಹೊಡೆಯುವ ವಿಚಾರ. "ಹೆಸರು ತಾನೆ, ಆಫೀಸಿನ ಪಟ್ಟಿ ನೋಡಿ ಹೊಡೆದರಾಯಿತು" ಎನ್ನುವವರು ನಮ್ಮ ಭಾಗದ ಹೆಸರುಗಳ ಇತಿಹಾಸ ತಿಳಿದವರಲ್ಲ. 1948ರವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿಯ ಭಾಷೆ ಉರ್ದು. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮುಹಮ್ಮದ್ ಎಂಬ ಹೆಸರಿಗೆ ಮೀಮ್, ಹೇ, ಮೀಮ್, ದಾಲ್ ನಾಲ್ಕೇ ಅಕ್ಷರ. ಓದುವವರಿಗೆ ಗೊತ್ತಿರುತ್ತದೆ, ಓದಿಕೊಳ್ಳುತ್ತಾರೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬರವಣಿಗೆಯೆಲ್ಲ ಕನ್ನಡಕ್ಕೆ ತಿರುಗಿತು. ಕನ್ನಡದಲ್ಲಿ ಸ್ವರ ಬರೆಯದೆ ಗತಿಯಿಲ್ಲ, ಹಾಗಾಗಿ ಒಬ್ಬ ಗುಮಾಸ್ತ ಮಹಮ್ಮದ್ ಎಂದ, ಇನ್ನೊಬ್ಬ ಮೊಹಮ್ಮದ್ ಎಂದ, ಶಾಲೆಯ ಮಾಸ್ತರರು ಮಹ್ಮದ್ ಎಂದು ಬರೆದುಕೊಂಡರು. ಮುಂದೆ ಇಂಗ್ಲಿಷಿಗೆ ಹೋದಾಗ ಎಂಡಿ ಎಂಬ ಎರಡಕ್ಷರವೂ ಆಯಿತು. ಮಹಿಬೂಬಸಾಬ ಒಂದು ಕಡೆ ಮೆಹಬೂಬ್, ಹುಸೇನಬಿ ಇನ್ನೊಂದು ಕಡೆ ಹುಸೇನಾ ಬೀ ಆದರು. ಇದು ನಮ್ಮವರ ಕಷ್ಟ ಮಾತ್ರವಲ್ಲ. ಅಮರೇಶ, ಅಮರೇಶಪ್ಪ, ಅಮರಯ್ಯ ಎಂದು ಮೂರು ಕಾಗದದಲ್ಲಿ ಮೂರು ಹೆಸರಿರುವ ಸಹಪಾಠಿಗಳೂ ನಮ್ಮಲ್ಲಿ ಇದ್ದಾರೆ. ಆಧಾರಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಹೊಂದದೆ ವಿದ್ಯಾರ್ಥಿವೇತನ ನಿಂತುಹೋದವರನ್ನು ಕೇಳಿ ನೋಡಿ, ಒಂದು ಒತ್ತಕ್ಷರದ ಬೆಲೆ ಎಷ್ಟು ಸಾವಿರ ಎಂದು ಅವರು ಲೆಕ್ಕ ಹೇಳುತ್ತಾರೆ.

ಆಫೀಸಿನ ಪಟ್ಟಿಯಲ್ಲೂ ಒಂದು ಮುಳ್ಳಿದೆ. ಹಳೇ ದಾಖಲಾತಿ ಪಟ್ಟಿಗಳು ಯೂನಿಕೋಡಿನಲ್ಲಿಲ್ಲ, ಹಿಂದಿನ ನುಡಿ ಫಾಂಟಿನ ಆಸ್ಕಿ ವಿಧಾನದಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇರುವೆ ಸಾಲಿನಂಥ ಅಕ್ಷರಗಳು ಕಾಣುತ್ತವೆ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿದರೆ ಬಹುಪಾಲು ಸರಿಯಾಗುತ್ತದೆ, ಅರ್ಕಾವತ್ತು ಇರುವ ಕಡೆ ಕೈಕೊಡುವುದುಂಟು. ಫರ್ಜಾನಾ, ಅರ್ಷಿಯಾ ಹೆಸರಿನವರು ದಯವಿಟ್ಟು ಎರಡು ಸಲ ನೋಡಿಕೊಳ್ಳಿ.

ಪಟ್ಟಿ ಸ್ಥಳಾಂತರವಾಗುವುದೆಂದರೆ ಏನೆಂದು ತಿಳಿಯಲು ನಮ್ಮ ಜಿಲ್ಲೆಯವರು ಬೆಂಗಳೂರಿಗೆ ಹೋಗಬೇಕಿಲ್ಲ, ಮನೆಯ ಪಹಣಿ ತೆಗೆದು ನೋಡಿದರೆ ಸಾಕು. ಅದು ಮೊದಲು ಉರ್ದು, ಆಮೇಲೆ ಕೈಬರಹದ ಕನ್ನಡ, 2000ದ ಆಸುಪಾಸಿನಲ್ಲಿ ಕಂಪ್ಯೂಟರ್. ರಾಜ್ಯ ಸರ್ಕಾರದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದರು. ಆ ಕೆಲಸದಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಕೈಬರಹದ ಪಹಣಿಯನ್ನು ಅವರು ಒಂದೇ ದಿನ ರಾಜ್ಯದ ತುಂಬ ರದ್ದು ಮಾಡಲಿಲ್ಲ. ಒಂದು ತಾಲ್ಲೂಕಿನ ದಾಖಲೆ ಕಂಪ್ಯೂಟರಿನಲ್ಲಿ ಸಿದ್ಧವಾಗಿ, ಅಲ್ಲಿ ಕೊಡುವುದು ಶುರುವಾದ ಮೇಲೆ ಆ ತಾಲ್ಲೂಕಿನಲ್ಲಿ ಮಾತ್ರ ಕೈಬರಹದ್ದು ಅಮಾನ್ಯ ಎಂದು ಅಧಿಸೂಚನೆ ಹೊರಡಿಸಿದರು. ತಾಲ್ಲೂಕು ತಾಲ್ಲೂಕಾಗಿ ಮುಂದೆ ಹೋದರು. ದಾಖಲೆ ತಿದ್ದುವ ಅಧಿಕಾರಿ ಪಾಸ್‌ವರ್ಡ್ ಬದಲು ಬೆರಳಚ್ಚು ಕೊಡಬೇಕೆಂದು ಆಗಲೇ ನಿಯಮ ಮಾಡಿದ್ದರು, ಯಾರು ತಿದ್ದಿದರೆಂದು ಆಮೇಲೆ ಜಾರಿಕೊಳ್ಳದಿರಲೆಂದು. ಹಾಗೆಂದು ಎಲ್ಲವೂ ಹೂವಿನ ಹಾಸಿಗೆಯಾಗಲಿಲ್ಲ. ಪುಸ್ತಕದಲ್ಲಿದ್ದ ತಪ್ಪು ಹಾಗೇ ಯಂತ್ರಕ್ಕೂ ಹೋಯಿತು, ಹೋದ ಮೇಲೆ ತಿದ್ದಿಸಲು ತಹಶೀಲ್ದಾರ್ ಕಚೇರಿಗೆ ಅಲೆಯಬೇಕಾಯಿತು. ಅಚ್ಚಾದ ತಪ್ಪಿಗೆ ಕೈಬರಹದ ತಪ್ಪಿಗಿಂತ ಗೌರವ ಹೆಚ್ಚು.

ಮಸ್ಕಿಯವರು ಇನ್ನೊಂದು ಸ್ಥಳಾಂತರವನ್ನೂ ಕಂಡವರು. 2017ರ ರಾಜ್ಯ ಬಜೆಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಮಸ್ಕಿಯೂ ಒಂದು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ತೆಗೆದು ಜೋಡಿಸಿದರು. ಊರು ಇದ್ದಲ್ಲೇ ಇತ್ತು, ಹೊಲ ಇದ್ದಲ್ಲೇ ಇತ್ತು, ಬದಲಾದದ್ದು ಪಟ್ಟಿಯಲ್ಲಿ ಅದರ ಜಾಗ. ಅಷ್ಟಕ್ಕೇ ಅರ್ಜಿಯಲ್ಲಿ ತಾಲ್ಲೂಕು ಯಾವುದೆಂದು ಬರೆಯಬೇಕು ಎಂದು ಎಷ್ಟು ಮನೆಗಳಲ್ಲಿ ಚರ್ಚೆಯಾಯಿತು! ಇವತ್ತಿಗೂ ಮನೆಯ ಒಂದು ಕಾಗದದಲ್ಲಿ ತಾಲ್ಲೂಕು ಲಿಂಗಸುಗೂರು, ಇನ್ನೊಂದರಲ್ಲಿ ಮಸ್ಕಿ ಎಂದಿರುವ ಸಹಪಾಠಿಗಳು ನಮ್ಮಲ್ಲಿದ್ದಾರೆ. ಎರಡೂ ಸರಿ, ಆದರೆ ಅರ್ಜಿ ತೆಗೆದುಕೊಳ್ಳುವ ಯಂತ್ರಕ್ಕೆ ಅದು ತಿಳಿಯುವುದಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಅದೇನೂ ರಹಸ್ಯವಲ್ಲ, ಆಕ್ಟಿವ್ ಡೈರೆಕ್ಟರಿ ಮಾಡಿದವರೇ ಅದಕ್ಕೆ ವ್ಯವಸ್ಥೆ ಇಟ್ಟಿದ್ದಾರೆ. ಹೊಸ ಯಂತ್ರವನ್ನು ಹಳೇದಕ್ಕೆ ಎದುರಾಳಿಯಾಗಿ ಅಲ್ಲ, ಜೊತೆಗಾರನಾಗಿ ಕೂರಿಸಬೇಕು. ಅದೇ ಪಟ್ಟಿಗೆ ಎರಡನೇ ಗುಮಾಸ್ತನಂತೆ ಸೇರಿಸಿದರೆ ಹಳೇ ಯಂತ್ರ ತನ್ನಲ್ಲಿರುವ ಎಲ್ಲವನ್ನೂ, ಆ ಉದ್ದ ಸಂಖ್ಯೆಗಳ ಸಮೇತ, ಹೊಸದಕ್ಕೆ ನಕಲು ಮಾಡಿಕೊಡುತ್ತದೆ. ಪಾಸ್‌ವರ್ಡ್ ಕೂಡ ಬದಲಾಗುವುದಿಲ್ಲ. ಕೆಲವು ದಿನ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಒಬ್ಬರಿಗೆ ಮಾತ್ರ ವಹಿಸಬಹುದಾದ ಐದು ಜವಾಬ್ದಾರಿಗಳು ಇವೆ, ಹೊಸ ಗುರುತು ಸಂಖ್ಯೆಗಳನ್ನು ಹಂಚುವುದು ಅದರಲ್ಲಿ ಒಂದು. ಅವನ್ನು ಹಳೇದರಿಂದ ಹೊಸದಕ್ಕೆ ದಾಟಿಸಬೇಕು. ಲ್ಯಾಬಿನ ಕಂಪ್ಯೂಟರುಗಳಿಗೆ ಇನ್ನು ಮುಂದೆ ವಿಳಾಸ ಕೇಳಬೇಕಾದದ್ದು ಹೊಸ ಯಂತ್ರವನ್ನು ಎಂದು ಹೇಳಬೇಕು. ಇದನ್ನು ಮರೆತರೆ ಮಿಕ್ಕಿದ್ದೆಲ್ಲ ಸರಿಯಿದ್ದೂ ಲಾಗಿನ್ ಆಗುವುದಿಲ್ಲ.

ಆಮೇಲೆ ಹಳೇದನ್ನು ಬರೀ ಆಫ್ ಮಾಡಿ ಇಡಬೇಕು. ಅಳಿಸಬಾರದು, ಗುಜರಿಗೆ ಹಾಕಬಾರದು. ಎರಡು ವಾರ ಸುಮ್ಮನೆ ನೋಡಬೇಕು. ಯಾರಾದರೂ ಕೂಗುತ್ತಾರೆ. ಲೈಬ್ರರಿಯ ಪ್ರಿಂಟರ್ ನಿಂತಿರುತ್ತದೆ, ಇಲ್ಲವೇ ಲಿಂಗಸುಗೂರಿನ ಆಫೀಸಿನ ಯಾವುದೋ ಒಂದು ಕಂಪ್ಯೂಟರ್ ಇನ್ನೂ ಹಳೇ ವಿಳಾಸವನ್ನೇ ಹಿಡಿದು ಕೂತಿರುತ್ತದೆ. ಯಾರೂ ಕೂಗದಿದ್ದರೆ ಹಳೇದನ್ನು ಮತ್ತೆ ಹಚ್ಚಿ, ಕ್ರಮವಾಗಿ ಅಧಿಕಾರದಿಂದ ಇಳಿಸಿ, ಬೀಳ್ಕೊಡಬೇಕು. ಮರೆತು ಆರು ತಿಂಗಳು ಮೂಲೆಯಲ್ಲಿ ಬಿಟ್ಟು ಆಮೇಲೆ ಹಚ್ಚಿದರೆ ಅದೇ ದೊಡ್ಡ ತಲೆನೋವು. 180 ದಿನ ದಾಟಿದರೆ, ಈ ನಡುವೆ ಅಳಿಸಿದ ಖಾತೆಗಳು ಅದರಲ್ಲಿ ಜೀವಂತ ಉಳಿದಿರುತ್ತವೆ.

ಗಡಿಯಾರದ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ, ಏಕೆಂದರೆ ನಮ್ಮ ಲ್ಯಾಬಿನ ಅರ್ಧ ಜಗಳಗಳ ಮೂಲ ಅದೇ. ಲಾಗಿನ್ ಪರೀಕ್ಷಿಸುವ ಪದ್ಧತಿಗೆ ಕರ್ಬೆರೋಸ್ ಎನ್ನುತ್ತಾರೆ, ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು, ಗ್ರೀಕ್ ಕಥೆಯ ಮೂರು ತಲೆಯ ಕಾವಲು ನಾಯಿಯ ಹೆಸರು. ಈ ನಾಯಿಗೆ ಸಮಯದ ಮೇಲೆ ಬಹಳ ಕಣ್ಣು. ನಿಮ್ಮ ಕಂಪ್ಯೂಟರಿನ ಗಡಿಯಾರಕ್ಕೂ ಸರ್ವರಿನ ಗಡಿಯಾರಕ್ಕೂ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಹಳೇ ಕಂಪ್ಯೂಟರುಗಳ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ನಮ್ಮ ಕಡೆ ಕರೆಂಟು ಎಷ್ಟು ಸಲ ಹೋಗುತ್ತದೆ ಎಂದು ಹೇಳಬೇಕಿಲ್ಲ. ಹೊಸ ಸರ್ವರ್ ಬಂದ ದಿನ ಹತ್ತು ಕಂಪ್ಯೂಟರ್ ಲಾಗಿನ್ ಆಗದಿದ್ದರೆ ಎಲ್ಲರೂ ಹೊಸ ಸರ್ವರನ್ನೇ ಬೈಯುತ್ತಾರೆ, ಬೈಗುಳಕ್ಕೆ ಕಾರಣ ಸ್ಟೇಷನರಿ ಅಂಗಡಿಯಲ್ಲೂ ಸಿಗುವ ಒಂದು ಸೆಲ್. ಮೊದಲೇ ಮೂರೂ ಲ್ಯಾಬಿನಲ್ಲಿ ನೋಡಿ ಬದಲಿಸಿಬಿಡೋಣ.

ಮಸ್ಕಿಯ ಲ್ಯಾಬಿಗೆ ಇನ್ನೊಂದು ನ್ಯಾಯ ಸಲ್ಲಬೇಕು. ಸಿಂಧನೂರು-ಲಿಂಗಸುಗೂರು ರಸ್ತೆಯಲ್ಲಿ ಎಲ್ಲಾದರೂ ಅಗೆದರೆ ಅಲ್ಲಿನ ಕೇಬಲ್ ಹೋಗುತ್ತದೆ. ಲೈನ್ ಇಲ್ಲದಾಗಲೂ ಕೆಲವರಿಗೆ ಲಾಗಿನ್ ಆಗುವುದು, ಕೆಲವರಿಗೆ ಆಗದಿರುವುದು ಏಕೆಂದು ಅಲ್ಲಿನವರು ಹಲವು ಸಲ ಕೇಳಿದ್ದಾರೆ, ಮೇಷ್ಟ್ರ ಪಕ್ಷಪಾತ ಎಂದು ತಮಾಷೆಯನ್ನೂ ಮಾಡಿದ್ದಾರೆ. ವಿಂಡೋಸ್ ಕಂಪ್ಯೂಟರ್ ಸಾಮಾನ್ಯವಾಗಿ ತನ್ನಲ್ಲಿ ಕೊನೆಗೆ ಲಾಗಿನ್ ಆದ 10 ಜನರ ಗುರುತನ್ನು ನೆನಪಿಟ್ಟುಕೊಂಡಿರುತ್ತದೆ. ಸರ್ವರ್ ಸಿಗದಿದ್ದಾಗ ಆ ನೆನಪಿನ ಮೇಲೆ ಒಳಗೆ ಬಿಡುತ್ತದೆ. ಹನ್ನೊಂದನೆಯವರು ಹೊರಗೆ. ಇದಕ್ಕೆ ಪರಿಹಾರ ಎಂದರೆ ಮಸ್ಕಿಯಲ್ಲೇ ಓದಲು ಮಾತ್ರ ಬರುವ, ತಿದ್ದಲು ಬಾರದ ಒಂದು ಚಿಕ್ಕ ನಕಲು ಸರ್ವರ್ ಇಡುವುದು. 2008ರ ಆವೃತ್ತಿಯಿಂದಲೂ ಈ ಸೌಲಭ್ಯ ಇದೆ. ಯಾರಾದರೂ ಆ ಡಬ್ಬಿಯನ್ನೇ ಕದ್ದೊಯ್ದರೂ ಎಲ್ಲರ ಪಾಸ್‌ವರ್ಡ್ ಅದರಲ್ಲಿರದಂತೆ ಮಾಡಬಹುದು. ತಾಲ್ಲೂಕು ಬೇರೆಯಾದ ಮೇಲೂ ಮಸ್ಕಿಯವರು ಎಲ್ಲದಕ್ಕೂ ಸಿಂಧನೂರಿನ ಕಡೆ ನೋಡುತ್ತ ಕೂರುವುದು ಏಕೆ?

ದುಡ್ಡಿನ ಮಾತು ಬರುತ್ತದೆ, ಬರಲಿ. ನಾನು ಹೇಳುವ ದಾರಿಗೆ ಹೆಚ್ಚು ದಿನ ಬೇಕು, ಹೆಚ್ಚು ದಿನಕ್ಕೆ ಹೆಚ್ಚು ಕೂಲಿ ಎನ್ನುತ್ತಾರೆ. ಆದರೆ ಕೆಲಸದ ಬಹುಪಾಲು ಕಾಯುವುದು ಮತ್ತು ನೋಡುವುದು, ಅದಕ್ಕೆ ನಾವಿದ್ದೇವೆ. ವಿಂಡೋಸ್ ಬದಲು ಲಿನಕ್ಸ್ ಮೇಲೆ ಸಾಂಬಾ ಹಾಕಿದರೆ ಲೈಸೆನ್ಸ್ ಖರ್ಚೇ ಇಲ್ಲ ಎಂದು ನಮ್ಮ ತರಗತಿಯ ಹುಡುಗರು ವಾದಿಸುತ್ತಾರೆ. ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಟ್ರಿಜೆಲ್ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದ ಉಚಿತ ತಂತ್ರಾಂಶ ಅದು, 2012ರ ಡಿಸೆಂಬರಿನಿಂದ ಆಕ್ಟಿವ್ ಡೈರೆಕ್ಟರಿಯ ಕೆಲಸವನ್ನೂ ಮಾಡುತ್ತದೆ. ನನಗೂ ಅದರ ಮೇಲೆ ಆಸೆ ಇದೆ. ವಿಂಡೋಸಿನಲ್ಲಿ ಸರ್ವರಿನ ಲೈಸೆನ್ಸ್ ಬೇರೆ, ಅದನ್ನು ಬಳಸುವ ಒಬ್ಬೊಬ್ಬರಿಗೋ ಒಂದೊಂದು ಯಂತ್ರಕ್ಕೋ ಲೈಸೆನ್ಸ್ ಬೇರೆ ಎಂಬುದು ನಮ್ಮಂಥ ಕಾಲೇಜಿಗೆ ಭಾರವೇ. ಆದರೂ ಈ ಸಲ ಬೇಡ. ಒಂದೇ ಸಲಕ್ಕೆ ಯಂತ್ರವನ್ನೂ ತಂತ್ರಾಂಶದ ಮನೆತನವನ್ನೂ ಬದಲಿಸಿದರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ಹುಡುಕುವುದು ಕಷ್ಟ. ನಿವೃತ್ತಿಯಾದ ಹಳೇ ಡಬ್ಬಿಯನ್ನು ಒರೆಸಿ, ಲಿನಕ್ಸ್ ಹಾಕಿ ನಮಗೆ ಕೊಡಿ. ಅದರ ಮೇಲೆ ಸಾಂಬಾ ಕಲಿಯುತ್ತೇವೆ, ಕೆಡಿಸುತ್ತೇವೆ, ಮತ್ತೆ ಕಟ್ಟುತ್ತೇವೆ.

ಮುಖ್ಯ ಕೀಲಿಯ ಪ್ರಶ್ನೆ ಒಂದು ಉಳಿಯಿತು. ಈಗಿನ ಅಡ್ಮಿನ್ ಪಾಸ್‌ವರ್ಡ್ ಕಾಲೇಜಿನಲ್ಲಿ ಒಬ್ಬರಿಗೆ, ಹೊರಗೆ ಒಬ್ಬರಿಗೆ ಗೊತ್ತು. ಹೊರಗಿನವರು ಫೋನ್ ಎತ್ತದ ದಿನ ನಾವು ಏನು ಮಾಡುತ್ತೇವೆ ಎಂಬುದನ್ನು ಎಲ್ಲರೂ ನೋಡಿದ್ದೇವೆ, ಏನೂ ಮಾಡುವುದಿಲ್ಲ. ಹೊಸ ಸರ್ವರಿನ ಪಾಸ್‌ವರ್ಡುಗಳನ್ನು, ಅದು ಹಾಳಾದಾಗ ಎಬ್ಬಿಸಲು ಬೇಕಾದ ಬೇರೆ ಪಾಸ್‌ವರ್ಡನ್ನೂ ಸೇರಿಸಿ, ಕಾಗದದ ಮೇಲೆ ಬರೆದು ಲಕೋಟೆಗೆ ಹಾಕಿ ಮೊಹರು ಮಾಡಿ ಪ್ರಿನ್ಸಿಪಾಲರ ಕಪಾಟಿನಲ್ಲಿ ಇಡಬೇಕು. ಪರೀಕ್ಷೆಯ ಪ್ರಶ್ನೆಪತ್ರಿಕೆ ಇಡುವ ಕಪಾಟೇ ಆಗಲಿ. ಪೂರೈಸುವವರು ಅವರ ಪಾಸ್‌ವರ್ಡ್ ಅವರೇ ಇಟ್ಟುಕೊಳ್ಳುತ್ತೇವೆ ಎಂದರೆ ಬಿಲ್ಲಿಗೆ ಸಹಿ ಹಾಕಬಾರದು. ಇಷ್ಟು ಕಟುವಾಗಿ ಹೇಳಿದ್ದಕ್ಕೆ ಕಾರ್ಯದರ್ಶಿ ಸಾಹೇಬರು ಬೇಸರಿಸಬಾರದು ಎಂದು ಕೇಳಿಕೊಳ್ಳುತ್ತೇನೆ.

ಲ್ಯಾಬ್-1, ಲ್ಯಾಬ್-2 ಎಂಬ ಎಲ್ಲರೂ ಬಳಸುವ ಖಾತೆಗಳು ಹೊಸದಕ್ಕೆ ದಾಟುವ ಮೊದಲೇ ಮುಚ್ಚಲಿ. ಪಾಸಾಗಿ ಹೋದವರ ಖಾತೆಗಳನ್ನು ಅಳಿಸುವುದು ಬೇಡ, ನಿಷ್ಕ್ರಿಯ ಮಾಡಿದರೆ ಸಾಕು. ಕಳೆದ ವರ್ಷದ ಅಕ್ಕಂದಿರಲ್ಲಿ ಕೆಲವರು ಈಗಲೂ ತಮ್ಮ ಸ್ಕ್ಯಾನ್ ಪ್ರತಿ ಕೇಳಿಕೊಂಡು ಬರುತ್ತಾರೆ. ಲಾಗಿನ್ ಹೆಸರು ಇನ್ನು ಮುಂದೆ ದಾಖಲಾತಿ ಸಂಖ್ಯೆ ಆಗಲಿ, ಹತ್ತು ಜನ ಮಹಮ್ಮದರ ನಡುವೆ ಎಂಡಿ-1, ಎಂಡಿ-2 ಎಂದು ಕರೆಸಿಕೊಳ್ಳುವ ಅವಮಾನ ತಪ್ಪಲಿ. ಪರದೆಯ ಮೇಲೆ ಕಾಣುವ ಹೆಸರು ಮಾತ್ರ ಪೂರ್ತಿ ಹೆಸರಾಗಿ, ಕನ್ನಡದಲ್ಲೇ ಇರಲಿ. ಯೂನಿಕೋಡ್ ಇರುವುದರಿಂದ ಡೈರೆಕ್ಟರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ.

ಕೆಲಸವನ್ನು ದಸರಾ ರಜೆಯಲ್ಲಿ ಇಟ್ಟುಕೊಳ್ಳಬಹುದೆಂದು ಪ್ರಿನ್ಸಿಪಾಲ್ ಸರ್ ಹೇಳಿದ್ದಾರೆ. ಅದಕ್ಕೆ ಮುಂಚೆ ಈಗಿರುವ ಹೆಸರಪಟ್ಟಿಯನ್ನು ಮುದ್ರಿಸಿ ಮೂರೂ ಕಾಲೇಜುಗಳ ನೋಟಿಸ್ ಬೋರ್ಡಿಗೆ ಹಚ್ಚಲು ಮೇಡಂ ಒಪ್ಪಿದ್ದಾರೆ, ಹೆಸರು ಮತ್ತು ತರಗತಿ ಅಷ್ಟೇ, ಫೋನ್ ನಂಬರ್ ಇರುವುದಿಲ್ಲ. ನಿಮ್ಮ ಹೆಸರು ಹುಡುಕಿ, ತಪ್ಪಿದ್ದರೆ ಪೆನ್ಸಿಲಿನಲ್ಲಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಪೆನ್ನು ಬೇಡ. ತಿದ್ದಿದವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಒಂದು ಜೆರಾಕ್ಸ್ ಲ್ಯಾಬಿಗೆ ತಂದುಕೊಡಬೇಕು. ಮಸ್ಕಿ ಮತ್ತು ಲಿಂಗಸುಗೂರಿನವರು ಅಲ್ಲಿನ ಲ್ಯಾಬಿನಲ್ಲೇ ಕೊಟ್ಟರೆ ಸಾಕು, ಸಿಂಧನೂರಿಗೆ ಬರಬೇಕಾಗಿಲ್ಲ.